ಉಡುಪಿನ ಓದು: ಸಂಗೀತ ಪತ್ರಿಕೆಗಳು ಇಂಡೀ ಅಭಿಮಾನಿಯನ್ನು ಕಟ್ಟಿದ ಬಗೆ

ಸಂಗೀತ ಪತ್ರಿಕೆ ಹಾಡನ್ನು ಅಚ್ಚು ಹಾಕಲಾರದು. ಕಿವಿಗೆ ಬೀಳಬೇಕಾದ್ದನ್ನು ಕಣ್ಣಿಗೆ ಮುಟ್ಟಿಸಲು ಅದರ ಕೈಯಲ್ಲಿರುವುದು ಮಾತು ಮತ್ತು ಫೋಟೊ, ಅಷ್ಟೇ. ಫೋಟೊದಲ್ಲಿ ಕಾಣುವುದು ಕೂದಲು, ಕೋಟು, ಬೂಟು, ನಿಂತ ಭಂಗಿ. ಇದು ಎಂಥ ಸಂಗೀತ, ಇದನ್ನು ಕೇಳುವವರು ಯಾರು ಎಂಬುದನ್ನು ಉಡುಪೇ ಹೇಳಬೇಕಾಗುತ್ತದೆ. ಮಾಧ್ಯಮ ಅಧ್ಯಯನದಲ್ಲಿ ಈ ವಿಷಯಕ್ಕೆ ಇಷ್ಟು ತೂಕ ಬಂದಿರುವುದು ಇದೇ ಕಾರಣಕ್ಕೆ ಎಂದು ನನಗನ್ನಿಸುತ್ತದೆ.

ಇಂಡೀ, ಆಲ್ಟರ್ನೇಟಿವ್, ಅಂದರೆ ದೊಡ್ಡ ಕಂಪನಿಗಳ ಜನಪ್ರಿಯ ಧಾರೆಯಿಂದ ದೂರ ನಿಲ್ಲುವ ಸಂಗೀತದ ಲೋಕದಲ್ಲಿ ಮತ್ತೊಂದು ಸಿಕ್ಕು ಇದೆ. ಇಲ್ಲಿನ ಅಭಿಮಾನಿ ತೊಡುವುದು ‘ನಾನು ಉಡುಪಿನ ಬಗ್ಗೆ ತಲೆಕೆಡಿಸಿಕೊಳ್ಳುವುದಿಲ್ಲ’ ಎಂದು ಸಾರುವ ಉಡುಪನ್ನು. ಅಲಂಕಾರವಿಲ್ಲದಿರುವಿಕೆಯೇ ಇಲ್ಲಿ ಅಲಂಕಾರ. ಪತ್ರಿಕೆ ಅದನ್ನು ಆರಿಸಿ, ಬೆಳಕು ಹಾಕಿ, ಚೌಕಟ್ಟಿನಲ್ಲಿಟ್ಟು ತೋರಿಸುತ್ತದೆ. ಆಮೇಲೆ ಆ ಶ್ರಮವನ್ನೆಲ್ಲ ಮರೆಮಾಡಿ ‘ಇವರು ಇರುವುದೇ ಹೀಗೆ’ ಎನ್ನುತ್ತದೆ. ಮಾಧ್ಯಮ ಅಧ್ಯಯನದ ಪರೀಕ್ಷೆಗೆ ಓದುವವರಿಗಾಗಿ ಬರೆದ ಈ ಟಿಪ್ಪಣಿಯ ಉದ್ದಕ್ಕೂ ನಾವು ಹುಡುಕಬೇಕಾದ್ದು ಆ ಮರೆಯಾದ ಶ್ರಮವನ್ನು.

ಮೊದಲು ಬೇಕಾಗುವ ಎರಡು ಹೆಸರು

ಬ್ರಿಟಿಷ್ ವಿದ್ವಾಂಸ ಡಿಕ್ ಹೆಬ್ಡಿಜ್ 1979ರಲ್ಲಿ ಉಪಸಂಸ್ಕೃತಿಗಳ, ಅಂದರೆ ಮುಖ್ಯವಾಹಿನಿಯಿಂದ ಬೇರೆಯಾಗಿ ನಿಲ್ಲುವ ಗುಂಪುಗಳ, ಶೈಲಿಯ ಬಗ್ಗೆ ಬರೆದದ್ದು ಈಗಲೂ ಪಠ್ಯಕ್ರಮದ ಬುನಾದಿ. ಯುವಕರ ಗುಂಪುಗಳು ದಿನಬಳಕೆಯ ವಸ್ತುಗಳನ್ನು ಅವುಗಳ ಜಾಗದಿಂದ ಕಿತ್ತು ಹೊಸ ಅರ್ಥ ಕೊಡುತ್ತವೆ. ಪಂಕ್ ಎಂಬ ಬಂಡಾಯದ ರಾಕ್ ಸಂಗೀತದ ಹುಡುಗರ ಸೇಫ್ಟಿ ಪಿನ್ ನೆನಪಿಸಿಕೊಳ್ಳಿ. ಆಮೇಲೆ ಮಾರುಕಟ್ಟೆ ಮತ್ತು ಮಾಧ್ಯಮ ಆ ಪ್ರತಿರೋಧವನ್ನು ಸರಕಾಗಿಸಿಯೋ ‘ಅಷ್ಟೇನೂ ಅಪಾಯವಿಲ್ಲ’ ಎಂದು ಪಳಗಿಸಿಯೋ ಒಳಗೆಳೆದುಕೊಳ್ಳುತ್ತವೆ.

ಸಮಾಜಶಾಸ್ತ್ರಜ್ಞೆ ಸಾರಾ ಥಾರ್ನ್‌ಟನ್ 1995ರಲ್ಲಿ ಇದಕ್ಕೆ ಮುಖ್ಯ ತಿದ್ದುಪಡಿ ತಂದರು. ಮಾಧ್ಯಮ ಕೊನೆಯಲ್ಲಿ ಬಂದು ಕೆಡಿಸುವ ಶಕ್ತಿಯಲ್ಲ. ಗುಂಪು ರೂಪುಗೊಳ್ಳುವಾಗಲೇ ಅದು ಒಳಗಿರುತ್ತದೆ. ಕರಪತ್ರ ಮತ್ತು ಅಭಿಮಾನಿಗಳೇ ತಯಾರಿಸುವ ಕಿರುಪತ್ರಿಕೆಗಳಾದ ಫ್ಯಾನ್‌ಜೀನ್‌ಗಳು, ನಿರ್ದಿಷ್ಟ ಓದುಗರ ಸಂಗೀತ ಪತ್ರಿಕೆಗಳು, ದೊಡ್ಡ ದಿನಪತ್ರಿಕೆ ಮತ್ತು ಟೀವಿ ಈ ಮೂರೂ ಬೇರೆ ಬೇರೆ ಕೆಲಸ ಮಾಡುತ್ತವೆ. ಸರಿಯಾದ ಕ್ಷೌರ, ಸರಿಯಾದ ರೆಕಾರ್ಡ್, ಸರಿಯಾದ ಸಮಯ ಇವುಗಳ ತಿಳಿವಳಿಕೆಯೇ ಒಂದು ಬಂಡವಾಳ ಎಂದರು. ಅವರು ಅಧ್ಯಯನ ಮಾಡಿದ್ದು ನೃತ್ಯ ಕ್ಲಬ್ಬುಗಳನ್ನು. ಇಂಡೀಗೆ ಅನ್ವಯಿಸುವಾಗ ಆ ಮಾತನ್ನು ಉತ್ತರದಲ್ಲಿ ಸ್ಪಷ್ಟವಾಗಿ ಹೇಳಿ. ನನ್ನ ಮಟ್ಟಿಗೆ ನಮ್ಮ ವಿಷಯಕ್ಕೆ ಹೆಬ್ಡಿಜ್‌ಗಿಂತ ಥಾರ್ನ್‌ಟನ್ ಹೆಚ್ಚು ಉಪಯುಕ್ತ.

ಉದ್ದ ಕೋಟು, ಆಮೇಲೆ ಆನೊರ‍್ಯಾಕ್

ಜನವರಿ 1979. ಛಾಯಾಗ್ರಾಹಕ ಕೆವಿನ್ ಕಮಿನ್ಸ್ ಮ್ಯಾಂಚೆಸ್ಟರ್‌ನ ಹ್ಯೂಮ್‌ನಲ್ಲಿ ಹಿಮ ಕವಿದ ಸೇತುವೆಯ ಮೇಲೆ ಜಾಯ್ ಡಿವಿಷನ್ ಎಂಬ ರಾಕ್ ತಂಡವನ್ನು ನಿಲ್ಲಿಸಿ ಎನ್‌ಎಂಇ ಎಂಬ ಬ್ರಿಟಿಷ್ ಸಂಗೀತ ವಾರಪತ್ರಿಕೆಗಾಗಿ ಚಿತ್ರ ತೆಗೆದರು. ಚೌಕಟ್ಟಿನಲ್ಲಿ ಹೆಚ್ಚು ಜಾಗ ಹಿಮಕ್ಕೆ ಮತ್ತು ಕಾಂಕ್ರೀಟಿಗೆ. ಸಂಗೀತಗಾರರು ದೂರದಲ್ಲಿ, ಸಣ್ಣದಾಗಿ. ವಾಚ್ಯಾರ್ಥದಲ್ಲಿ ಇದು ಚಳಿಗಾಲದ ಒಂದು ದಿನ, ನಾಲ್ವರು ಯುವಕರು. ಧ್ವನ್ಯರ್ಥದಲ್ಲಿ ಅದು ಏಕಾಂತ, ಗಾಂಭೀರ್ಯ, ಪಾಳುಬಿದ್ದ ಕೈಗಾರಿಕಾ ನಗರ. ಮಳೆ-ಚಳಿಗೆ ಹಾಕುವ ಉದ್ದ ಕೋಟು ಬ್ರಿಟಿಷ್ ಪತ್ರಿಕೆಗಳಲ್ಲಿ ‘ಗಂಭೀರ ಕೇಳುಗ’ನ ಗುರುತಾಯಿತು. ಆ ಕೋಟು ತೊಟ್ಟ ಅಭಿಮಾನಿಗಳನ್ನು ಒಂದು ದಂಡಿನಂತೆ ಹೆಸರಿಟ್ಟು ಕರೆದವೂ ಪತ್ರಿಕೆಗಳೇ.

1986ರಲ್ಲಿ ಎನ್‌ಎಂಇ, ರಫ್ ಟ್ರೇಡ್ ಎಂಬ ಸ್ವತಂತ್ರ ರೆಕಾರ್ಡ್ ಸಂಸ್ಥೆಯ ಜೊತೆಗೂಡಿ 22 ಹಾಡುಗಳ ಸಿ86 ಎಂಬ ಕ್ಯಾಸೆಟ್ ಹೊರತಂದಿತು. ಕ್ಯಾಸೆಟ್‌ನ ಹೆಸರೇ ಒಂದು ಬಗೆಯ ಸಂಗೀತದ ಹೆಸರಾಯಿತು. ಥಾರ್ನ್‌ಟನ್ ಮಾತಿಗೆ ಇದಕ್ಕಿಂತ ನೇರ ಉದಾಹರಣೆ ಸಿಗುವುದು ಕಷ್ಟ: ಪತ್ರಿಕೆ ಬರೀ ವರದಿ ಮಾಡಲಿಲ್ಲ, ಗುಂಪನ್ನೇ ಪೋಣಿಸಿತು. ಅದರ ಸುತ್ತ ನೆಲೆಗೊಂಡ ಚಿತ್ರ ತಲೆಗವಸಿರುವ ಆನೊರ‍್ಯಾಕ್ ಜಾಕೆಟ್, ಪಟ್ಟೆ ಅಂಗಿ, ಹಣೆ ಮುಚ್ಚುವ ಕೂದಲಿನದು. ಶಾಲಾ ಮಕ್ಕಳಂಥ ವೇಷ. ಎಂಬತ್ತರ ದಶಕದ ಹೊಳಪು, ಹಣ, ಭುಜ ಉಬ್ಬಿಸಿದ ಸೂಟುಗಳ ಎದುರು ದೊಡ್ಡವರಾಗಲು ಒಲ್ಲದ ಯುವಕರು ಎಂದು ಇದನ್ನು ಓದಬಹುದು.

ಹಿಂಪುಟಗಳನ್ನು ಮರೆಯಬೇಡಿ. ಅಂಚೆ ಮೂಲಕ ಟೀ ಶರ್ಟ್, ಬೂಟು, ಬಿಗಿ ಪ್ಯಾಂಟ್ ಮಾರುವ ಸಣ್ಣ ಜಾಹೀರಾತುಗಳು ಈ ವಾರಪತ್ರಿಕೆಗಳ ಕೊನೆಯಲ್ಲಿ ಸಾಲುಗಟ್ಟಿರುತ್ತಿದ್ದವು. ಮುಖಪುಟ ಆಸೆ ಹುಟ್ಟಿಸುತ್ತಿತ್ತು, ಹಿಂಪುಟ ವಿಳಾಸ ಕೊಡುತ್ತಿತ್ತು. ಮುಖಪುಟವೊಂದನ್ನೇ ವಿಶ್ಲೇಷಿಸಿ ನಿಲ್ಲಿಸಿದರೆ ಈ ಆರ್ಥಿಕ ಕೊಂಡಿ ಕೈತಪ್ಪುತ್ತದೆ.

ಗ್ರಂಜ್: ಅಂಗಿ ರೇಷ್ಮೆಯಾದಾಗ

ಗ್ರಂಜ್ ಎಂಬ ಒರಟು ಗಿಟಾರ್ ಸಂಗೀತ ಬೆಳೆದ ಅಮೆರಿಕದ ಸಿಯಾಟಲ್‌ನಲ್ಲಿ ಫ್ಲಾನೆಲ್ ಅಂಗಿ ಚಳಿಗೆ ಹಾಕುವ ಅಗ್ಗದ ಬಟ್ಟೆ. ಚಾರ್ಲ್ಸ್ ಪೀಟರ್ಸನ್ ತೆಗೆದ ಕಪ್ಪು-ಬಿಳುಪು ಚಿತ್ರಗಳಲ್ಲಿ ವೇದಿಕೆ ಯಾವುದು, ಜನ ಯಾರು ಎಂಬ ಗೆರೆಯೇ ಅಳಿಸಿಹೋಗುತ್ತದೆ. ಹಾರುವ ಕೂದಲು, ಬೆವರು, ಮಸುಕು. ಅಭಿಮಾನಿಯೂ ಸಂಗೀತಗಾರನೂ ಒಂದೇ ಥರ ಕಾಣುವುದು ಇಲ್ಲಿನ ಮುಖ್ಯ ಅರ್ಥ.

1992ರಲ್ಲಿ ಎಲ್ಲವೂ ಬೇಗ ಬೇಗ ನಡೆಯಿತು. ಏಪ್ರಿಲ್‌ನಲ್ಲಿ ನಿರ್ವಾಣ ತಂಡದ ಗಾಯಕ ಕರ್ಟ್ ಕೋಬೇನ್ ‘ಕಾರ್ಪೊರೇಟ್ ಪತ್ರಿಕೆಗಳು ಈಗಲೂ ದರಿದ್ರವೇ’ ಎಂಬರ್ಥದ ಕೈಬರಹದ ಟೀ ಶರ್ಟ್ ತೊಟ್ಟು ರೋಲಿಂಗ್ ಸ್ಟೋನ್ ಸಂಗೀತ ಪತ್ರಿಕೆಯ ಮುಖಪುಟಕ್ಕೆ ನಿಂತರು. ಪತ್ರಿಕೆ ಅದನ್ನು ಹಾಗೆಯೇ ಅಚ್ಚು ಹಾಕಿತು. ತನ್ನ ವಿರುದ್ಧದ ಬೈಗುಳವೂ ಮುಖಪುಟವಾದರೆ ಮಾರಾಟವಾಗುತ್ತದೆ ಎಂದು ಅದಕ್ಕೆ ಗೊತ್ತಿತ್ತು. ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಗ್ರಂಜ್ ಜನರ ಪದಕೋಶವನ್ನು ಪ್ರಕಟಿಸಿತು. ಹರಿದ ಜೀನ್ಸಿಗೊಂದು ಹೆಸರು, ದಪ್ಪ ಉಣ್ಣೆ ಸ್ವೆಟರಿಗೊಂದು ಹೆಸರು. ಸಬ್ ಪಾಪ್ ಎಂಬ ಸಿಯಾಟಲ್ ರೆಕಾರ್ಡ್ ಸಂಸ್ಥೆಯಲ್ಲಿ ಹಿಂದೆ ಕೆಲಸ ಮಾಡಿದ್ದ ಮೆಗನ್ ಜಾಸ್ಪರ್ ವರದಿಗಾರರು ಕೇಳಿದಾಗ ಆ ಪದಗಳನ್ನು ನಿಂತ ನಿಲುವಿನಲ್ಲೇ ಹುಟ್ಟುಹಾಕಿದ್ದರು. ಇದು ಬಹಳ ಬೆಲೆಬಾಳುವ ಉದಾಹರಣೆ: ‘ನಿಜವಾದ ಅಭಿಮಾನಿ’ ಹೇಗಿರುತ್ತಾನೆಂಬ ಮಾಧ್ಯಮದ ಹಸಿವು ಎಷ್ಟಿತ್ತೆಂದರೆ, ಸುಳ್ಳೂ ಸಾಕ್ಷ್ಯವಾಗಿ ಹೋಯಿತು. ಅದೇ ತಿಂಗಳು ವಸ್ತ್ರವಿನ್ಯಾಸಕ ಮಾರ್ಕ್ ಜೇಕಬ್ಸ್ ಪೆರಿ ಎಲ್ಲಿಸ್ ಎಂಬ ಫ್ಯಾಷನ್ ಸಂಸ್ಥೆಗಾಗಿ ಗ್ರಂಜ್ ಸಂಗ್ರಹ ತೋರಿಸಿದರು. ಫ್ಲಾನೆಲ್ಲಿನ ಚೌಕಳಿ ರೇಷ್ಮೆಯ ಮೇಲೆ ಮೂಡಿತು. ಡಿಸೆಂಬರ್‌ನಲ್ಲಿ ಫ್ಯಾಷನ್ ಪತ್ರಿಕೆ ವೋಗ್ ಅದೇ ಶೈಲಿಗೆ ಪುಟಗಟ್ಟಲೆ ಜಾಗ ಕೊಟ್ಟಿತು. ಆ ಸಂಗ್ರಹದ ನಂತರ ಜೇಕಬ್ಸ್ ಕೆಲಸ ಕಳೆದುಕೊಂಡರು ಎಂಬುದು ಹೆಬ್ಡಿಜ್ ಮಾದರಿಗೆ ಒಂದು ತೊಡಕು. ಒಳಗೆಳೆದುಕೊಳ್ಳುವಿಕೆ ಅಷ್ಟು ಸಲೀಸಾಗಿ ನಡೆಯುವುದಿಲ್ಲ.

ಒಂದೇ ಬಾವುಟ, ಎಂಟು ತಿಂಗಳು

ಪರೀಕ್ಷೆಗೆ ಒಂದೇ ಉದಾಹರಣೆ ಆಳವಾಗಿ ಓದಲು ಸಮಯವಿದ್ದರೆ ಇದನ್ನೇ ಓದಿ. ಆಗಸ್ಟ್ 1992ರಲ್ಲಿ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್‌ನಲ್ಲಿ ಇಂಡೀ ಗಾಯಕ ಮಾರಿಸ್ಸಿ ವೇದಿಕೆಯ ಮೇಲೆ ಬ್ರಿಟನ್ನಿನ ರಾಷ್ಟ್ರಧ್ವಜ ಯೂನಿಯನ್ ಜ್ಯಾಕ್ ಬೀಸಿದರು. ಹಿನ್ನೆಲೆಯ ಪರದೆಯಲ್ಲಿ ಸ್ಕಿನ್‌ಹೆಡ್ ಹುಡುಗಿಯರ ಚಿತ್ರ. ಬ್ರಿಟನ್ನಿನಲ್ಲಿ ಆ ಬಾವುಟ, ಆ ಬೋಳುತಲೆ ಎರಡಕ್ಕೂ ತೀವ್ರ ಬಲಪಂಥೀಯ ಬೀದಿ ರಾಜಕೀಯದ ನೆರಳಿತ್ತು. ಎನ್‌ಎಂಇ ಆ ಚಿತ್ರವನ್ನು ಮುಖಪುಟಕ್ಕೆ ತಂದು, ಇದು ಬಾವುಟದ ಪ್ರೀತಿಯೋ ಅನಾಹುತದ ಜೊತೆ ಚೆಲ್ಲಾಟವೋ ಎಂಬ ಪ್ರಶ್ನೆ ಎತ್ತಿತು. ದಕ್ಷಿಣ ಏಷ್ಯಾ ಮೂಲದ ಸದಸ್ಯರಿದ್ದ ಕಾರ್ನರ್‌ಶಾಪ್ ತಂಡ ಮಾರಿಸ್ಸಿಯ ರೆಕಾರ್ಡ್ ಸಂಸ್ಥೆ ಇಎಂಐ ಕಚೇರಿಯ ಹೊರಗೆ ಅವರ ಚಿತ್ರ ಸುಟ್ಟು ಪ್ರತಿಭಟಿಸಿತು.

ಏಪ್ರಿಲ್ 1993ರಲ್ಲಿ ಸೆಲೆಕ್ಟ್ ಪತ್ರಿಕೆ ಸ್ವೇಡ್ ತಂಡದ ಬ್ರೆಟ್ ಆಂಡರ್ಸನ್‌ರ ಚಿತ್ರದ ಹಿಂದೆ ಅದೇ ಬಾವುಟವನ್ನು ಅಂಟಿಸಿ, ಅಮೆರಿಕನ್ನರು ಮನೆಗೆ ಹೋಗಲಿ ಎಂಬ ತಲೆಬರಹ ಕೊಟ್ಟಿತು. ಗ್ರಂಜ್‌ನ ದೊಗಲೆ ಅಂಗಿಗೆ ಎದುರಾಗಿ ಬಿಗಿಯುಡುಪಿನ ಇಂಗ್ಲಿಷ್ ಸೊಬಗು. ಬಾವುಟ ಫೋಟೊದಲ್ಲಿ ಇರಲೇ ಇಲ್ಲ, ಸಂಪಾದಕರ ಮೇಜಿನಲ್ಲಿ ಸೇರಿಕೊಂಡಿತು ಎಂಬುದನ್ನು ಉತ್ತರದಲ್ಲಿ ತಪ್ಪದೆ ಬರೆಯಿರಿ. ಮೊದಲ ಚಿತ್ರದಲ್ಲಿ ಆತಂಕ ಹುಟ್ಟಿಸಿದ ಬಟ್ಟೆ ಎರಡನೆಯದರಲ್ಲಿ ಉತ್ಸಾಹದ ಗುರುತು. ಕೆಲವೇ ವರ್ಷಗಳಲ್ಲಿ, ಬ್ರಿಟಿಷ್ ಗಿಟಾರ್ ತಂಡಗಳು ಮೆರೆದ ಬ್ರಿಟ್‌ಪಾಪ್ ಕಾಲದ ಗಿಟಾರು, ಉಡುಪುಗಳ ಮೇಲೆಲ್ಲ ಅದೇ ಬಾವುಟ.

ಆ ಬಾವುಟದಡಿ ತನ್ನನ್ನು ಕಾಣಲಾಗದ ಅಭಿಮಾನಿಯ ಸ್ಥಿತಿಯೇನು? ಆ ಪತ್ರಿಕೆಗಳು ಕಟ್ಟಿದ ಮಾದರಿ ಇಂಡೀ ಓದುಗ ಬಹುಮಟ್ಟಿಗೆ ಬಿಳಿಯ, ತೆಳ್ಳಗಿನ ಹುಡುಗ. ಆ ಕೋಟು, ಆ ಆನೊರ‍್ಯಾಕ್, ಆ ಕ್ಷೌರ ಎಲ್ಲವೂ ಅವನ ಮೈಗೆ ಹೊಲಿದವು. ಪ್ರಾತಿನಿಧ್ಯ ಎಂದರೆ ತೋರಿಸಿದ್ದರ ಜೊತೆಗೆ ತೋರಿಸದೆ ಬಿಟ್ಟದ್ದೂ ಹೌದು. ಈ ಅಂಶಕ್ಕೆ ಬಹಳಷ್ಟು ಉತ್ತರಗಳು ಒಂದು ಸಾಲೂ ಕೊಡುವುದಿಲ್ಲ ಎನ್ನುವುದು ನನಗೆ ಬೇಸರದ ಸಂಗತಿ.

ಹುಡುಗಿಯರ ವಿಷಯದಲ್ಲಿ ರಯಟ್ ಗರ್ಲ್ ಎಂಬ ಸ್ತ್ರೀವಾದಿ ಪಂಕ್ ಚಳವಳಿ ನೆರವಾಗುತ್ತದೆ. 1976ರಲ್ಲೇ ಆಂಜೆಲಾ ಮೆಕ್‌ರಾಬಿ ಮತ್ತು ಜೆನ್ನಿ ಗಾರ್ಬರ್, ಉಪಸಂಸ್ಕೃತಿಯ ಅಧ್ಯಯನಗಳಲ್ಲಿ ಹುಡುಗಿಯರು ಎಲ್ಲಿ ಎಂದು ಕೇಳಿದ್ದರು. ಬಿಕಿನಿ ಕಿಲ್ ತಂಡದ ಕ್ಯಾಥ್ಲೀನ್ ಹಾನಾ ಹೆಂಗಸರಿಗೆ ಬಳಸುವ ಬೈಗುಳವನ್ನು ತಮ್ಮ ಮೈಮೇಲೆ ತಾವೇ ಬರೆದುಕೊಂಡು ವೇದಿಕೆಗೆ ಬಂದರು. ಚಿತ್ರ ತೆಗೆಯುವವರು ಅಂಟಿಸಬಹುದಾದ ಹಣೆಪಟ್ಟಿ ಮೊದಲೇ ಅಲ್ಲಿತ್ತು. 1992ರಲ್ಲಿ ದೊಡ್ಡ ಪತ್ರಿಕೆಗಳು ಈ ಹುಡುಗಿಯರ ಮಾತಿಗಿಂತ ವೇಷವನ್ನು ಹೆಚ್ಚು ಬಣ್ಣಿಸತೊಡಗಿದಾಗ, ಚಳವಳಿಯ ಅನೇಕರು ಮಾಧ್ಯಮದ ಜೊತೆ ಮಾತಾಡುವುದನ್ನೇ ನಿಲ್ಲಿಸಿದರು. ಕತ್ತರಿ, ಅಂಟು, ನಕಲು ಯಂತ್ರ ಹಿಡಿದು ತಮ್ಮ ಚಿತ್ರವನ್ನು ತಮ್ಮ ಫ್ಯಾನ್‌ಜೀನ್‌ಗಳಲ್ಲಿ ತಾವೇ ಅಚ್ಚು ಹಾಕಿಕೊಂಡರು.