ಇನ್ನೊಮ್ಮೆ ಕೇಳುವುದೋ, ಕೈಚೆಲ್ಲುವುದೋ?

ಡಿಸ್ಕ್ ಕೇಳಿದ ದತ್ತಾಂಶವನ್ನು ಕೊಡದೆ ದೋಷ ಸೂಚಿಸಿದಾಗ ಮೊದಲು ತೀರ್ಮಾನ ಮಾಡಬೇಕಾದದ್ದು ಡ್ರೈವರ್, ಅಂದರೆ ಡಿಸ್ಕ್ ಜೊತೆ ವ್ಯವಹರಿಸುವ ತಂತ್ರಾಂಶ. ಮತ್ತೆ ಕೇಳಿದರೆ ಸಿಕ್ಕೀತೇ, ಅಥವಾ ಸೋಲನ್ನು ದತ್ತಾಂಶ ಕೇಳಿದ ಮೇಲಿನ ತಂತ್ರಾಂಶಕ್ಕೆ ಆಗಲೇ ಹೇಳಿಬಿಡಬೇಕೇ? ಸಾಮಾನ್ಯವಾಗಿ ಸುಳಿವನ್ನು ಸಾಧನವೇ ಕೊಡುತ್ತದೆ. ಸ್ಕಸಿ ಎಂಬ ಸಂಪರ್ಕ ನಿಯಮವನ್ನು ಪಾಲಿಸುವ ಡಿಸ್ಕ್‌ಗಳು ದೋಷದ ಜೊತೆ 'ಸೆನ್ಸ್ ಕೀ' ಎಂಬ ಸಂಖ್ಯೆಯನ್ನು ಕಳುಹಿಸುತ್ತವೆ. 2 ಬಂದರೆ ಡಿಸ್ಕ್ ಸಿದ್ಧವಾಗಿಲ್ಲ. ಒಳಗೆ ತಿರುಗುವ ತಟ್ಟೆ ಇನ್ನೂ ವೇಗ ಪಡೆಯುತ್ತಿದ್ದರೆ ಕಾದು ಕೇಳಿದರಾಯಿತು. 5 ಬಂದರೆ ಆಜ್ಞೆಯೇ ತಪ್ಪು. ನೂರು ಸಲ ಕಳುಹಿಸಿದರೂ ಉತ್ತರ ಬದಲಾಗದು. ಎಸ್‌ಎಸ್‌ಡಿಗಳು ಬಳಸುವ ಎನ್‌ವಿಎಂಇ ಎಂಬ ಸಂಪರ್ಕ ನಿಯಮ ಇನ್ನೂ ನೇರ: 'ಮತ್ತೆ ಕೇಳಬೇಡ' ಎಂದು ಹೇಳಲೆಂದೇ ಅಲ್ಲಿ ಒಂದು ಬಿಟ್ ಇದೆ.

ಕಷ್ಟವಿರುವುದು 3ರಲ್ಲಿ, ಅಂದರೆ ತಟ್ಟೆಯ ಮೇಲಿನ ಬರಹವೇ ಕೆಟ್ಟಾಗ. ಡಿಸ್ಕ್ ತನ್ನೊಳಗೇ ಹಲವು ಬಾರಿ ಓದಲು ಹೆಣಗಿ ಸೋತ ಮೇಲೆಯೇ ಈ ಸಂಖ್ಯೆಯನ್ನು ಕಳುಹಿಸಿರುತ್ತದೆ. ಹಾಗಾಗಿ 'ಓದಲಾಗಲಿಲ್ಲ' ಎಂಬ ಖಚಿತ ವಿವರ ಜೊತೆಗಿದ್ದರೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಮತ್ತೆ ಯತ್ನಿಸುವುದಿಲ್ಲ. ಇದು ಸರಿಯೆಂದೇ ನನ್ನ ಎಣಿಕೆ. ಲಿನಕ್ಸ್‌ನ ಡಿಸ್ಕ್ ಡ್ರೈವರ್ ಸಾಮಾನ್ಯವಾಗಿ ಪ್ರತಿ ಆಜ್ಞೆಗೆ 30 ಸೆಕೆಂಡು ಕಾಯುತ್ತದೆ, 5 ಮರುಪ್ರಯತ್ನಗಳಿಗೆ ಅವಕಾಶ ಕೊಡುತ್ತದೆ. ಮೊದಲ ಯತ್ನವೂ ಸೇರಿ ಎಲ್ಲವೂ ಗಡುವು ಮೀರಿದರೆ ಮೂರು ನಿಮಿಷ ಹೋಯಿತು! ಅದೇ ದತ್ತಾಂಶದ ಇನ್ನೊಂದು ಪ್ರತಿ ಪಕ್ಕದ ಡಿಸ್ಕ್‌ನಲ್ಲಿ ಇರುವಾಗ ಈ ಹಟಕ್ಕೆ ಅರ್ಥವಿಲ್ಲ. ರೇಡ್‌ಗಾಗಿ, ಅಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ಜೋಡಣೆಗಾಗಿ, ತಯಾರಾದ ಅನೇಕ ಡಿಸ್ಕ್‌ಗಳು ಸುಮಾರು 7 ಸೆಕೆಂಡಿಗೆ ಸೋಲೊಪ್ಪಿಕೊಳ್ಳುವುದು ಇದಕ್ಕೇ.

ಓದು ಸೋತರೆ ಕನಿಷ್ಠ ಗೊತ್ತಾಗುತ್ತದೆ. ಬರಹ ಸೋತಾಗಿನ ಅಪಾಯ ಬೇರೆ. 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ ಕಟ್ಟುವವರು ಬೆಚ್ಚಿದ್ದು ಇಲ್ಲಿಯೇ. ಬರೆದದ್ದನ್ನೆಲ್ಲ ಡಿಸ್ಕ್‌ಗೆ ಮುಟ್ಟಿಸು ಎನ್ನುವ ಎಫ್‌ಸಿಂಕ್ ಕರೆ ಸೋತರೆ, ಅವರ ತಂತ್ರಾಂಶ ಅದನ್ನೇ ಮತ್ತೆ ಕರೆಯುತ್ತಿತ್ತು. ಎರಡನೆಯ ಸಲ ಯಶಸ್ಸು ಎಂಬ ಉತ್ತರ ಬರುತ್ತಿತ್ತು. ಆದರೆ ದತ್ತಾಂಶ ಡಿಸ್ಕ್‌ಗೆ ಸೇರಿರಲಿಲ್ಲ. ಮೊದಲ ಸೋಲಿನ ನಂತರ ಲಿನಕ್ಸ್‌ನ ತಿರುಳಾದ ಕರ್ನಲ್, ಬರೆಯಲೆಂದು ಮೆಮೊರಿಯಲ್ಲಿದ್ದ ಆ ದತ್ತಾಂಶದ ಪುಟಗಳನ್ನು 'ಬರೆದಾಗಿದೆ' ಎಂಬ ಲೆಕ್ಕಕ್ಕೆ ಸೇರಿಸಿಬಿಡುತ್ತಿತ್ತು. ಎರಡನೆಯ ಕರೆಗೆ ಬರೆಯಲು ಏನೂ ಉಳಿದಿರುತ್ತಿರಲಿಲ್ಲ. ದೋಷ ಮಾಯವಾಗಿತ್ತು, ದತ್ತಾಂಶವೂ. ಮರುಪ್ರಯತ್ನಿಸಬಹುದಾದ ದೋಷ ಎಂದು ಅವರು ನಂಬಿದ್ದು ವಾಸ್ತವದಲ್ಲಿ ಮಾರಕ ದೋಷವಾಗಿತ್ತು.

2019ರಿಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಫ್‌ಸಿಂಕ್ ಒಮ್ಮೆ ಸೋತರೂ ತಾನಾಗಿ ಕುಸಿದು ನಿಲ್ಲುತ್ತದೆ. ಮತ್ತೆ ಎದ್ದಾಗ, ಪ್ರತಿ ಬದಲಾವಣೆಯನ್ನೂ ಮೊದಲೇ ಬರೆದಿಟ್ಟ ದಾಖಲೆಯನ್ನು ಓದಿಕೊಂಡು, ಕಳೆದುಹೋದ ಪುಟಗಳನ್ನು ಹೊಸದಾಗಿ ಬರೆಯುತ್ತದೆ.