ಆಟದ ಚರ್ಚೆಗೆ ಗಡಿಯಾರ ಕಟ್ಟಿದವರು ಯಾರು?

ಪ್ರಶ್ನೆ: ಟಿವಿಯಲ್ಲಿ ಮ್ಯಾಚಿಗಿಂತ ಮ್ಯಾಚಿನ ಬಗ್ಗೆ ಜಗಳವೇ ಜಾಸ್ತಿ ಆಗಿದೆ. ನಾಲ್ಕು ಜನ ಕೂತು ಒಬ್ಬರ ಮಾತಿಗೆ ಒಬ್ಬರು ಅಡ್ಡ ಬರುತ್ತಾರೆ. ಇದನ್ನು ಶುರು ಮಾಡಿದ್ದು ಯಾರು? ಮೊದಲಿಂದಲೂ ಹೀಗೇನಾ? (ಮಂಡ್ಯದಿಂದ ಓದುಗರೊಬ್ಬರು)

ಉತ್ತರ: ಹೀಗಿರಲಿಲ್ಲ. ಶುರುವಾದಾಗ ಇದು ನಮ್ಮ ಜಗಲಿ ಮೇಲಿನ ಹರಟೆಯ ಹಾಗೆಯೇ ಇತ್ತು. ಅಮೆರಿಕದ ಷಿಕಾಗೋದಲ್ಲಿ ಪತ್ರಿಕೆಗಳಿಗೆ ಆಟದ ವರದಿ ಬರೆಯುವವರು 1970ರ ದಶಕದಲ್ಲಿ ರೇಡಿಯೋದಲ್ಲಿ ಕೂತು ಮಾತಾಡುತ್ತಿದ್ದರು. 1985ರಲ್ಲಿ ಅದೇ ಮಾತು ಕೇಬಲ್ ಟಿವಿಗೆ ಬಂತು. ಹೆಸರು ‘ದಿ ಸ್ಪೋರ್ಟ್ಸ್ ರೈಟರ್ಸ್ ಆನ್ ಟಿವಿ’. ಇಸ್ಪೀಟು ಆಡುವಂಥ ಒಂದು ಮೇಜು, ಸುತ್ತ ನಾಲ್ಕು ಜನ, ಸಿಗಾರ್ ಹೊಗೆ. ಅಷ್ಟೇ. ಬಿಲ್ ಗ್ಲೀಸನ್, ಬಿಲ್ ಜಾಸ್, ರಿಕ್ ಟೆಲಾಂಡರ್ ಮೂವರೂ ಬರೆಯುವವರು. ಮಾತು ನಡೆಸಿಕೊಡಲು ಬೆನ್ ಬೆಂಟ್ಲಿ. ಮೈದಾನಕ್ಕೆ ಹೋಗಿ ಕಣ್ಣಾರೆ ನೋಡಿದ್ದನ್ನು ಹೇಳುತ್ತಿದ್ದರು. ಅದಕ್ಕೇ ಆ ಮಾತಿಗೆ ತೂಕ ಇತ್ತು.

1988ರಲ್ಲಿ ಇಎಸ್‌ಪಿಎನ್ ಚಾನೆಲ್ ‘ದಿ ಸ್ಪೋರ್ಟ್ಸ್ ರಿಪೋರ್ಟರ್ಸ್’ ಶುರು ಮಾಡಿತು. ಭಾನುವಾರ ಬೆಳಿಗ್ಗೆ ಪತ್ರಿಕೆ ಓದಿ ಮುಗಿಸಿದವರು ನೋಡುವ ಕಾರ್ಯಕ್ರಮ ಅದು. 2017ರ ಮೇ ತಿಂಗಳವರೆಗೆ ನಡೆಯಿತು.

ನಿಜವಾದ ತಿರುವು ಬಂದಿದ್ದು 2001ರ ಅಕ್ಟೋಬರ್ 22ಕ್ಕೆ. ‘ಪಾರ್ಡನ್ ದಿ ಇಂಟರಪ್ಷನ್’ ಅಂತ ಅರ್ಧ ಗಂಟೆಯ ಕಾರ್ಯಕ್ರಮ. ಇದ್ದವರು ಇಬ್ಬರೇ, ಟೋನಿ ಕಾರ್ನ್‌ಹೈಸರ್ ಮತ್ತು ಮೈಕಲ್ ವಿಲ್ಬನ್. ಇಬ್ಬರೂ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯವರು, ಹಳೇ ಸ್ನೇಹಿತರು. ಪರದೆಯ ಪಕ್ಕದಲ್ಲಿ ಮುಂದೆ ಬರುವ ವಿಷಯಗಳ ಪಟ್ಟಿ. ಪ್ರತಿ ವಿಷಯಕ್ಕೂ ಒಂದು ಗಡಿಯಾರ, ಅದು ಹಿಂದಕ್ಕೆ ಓಡುತ್ತದೆ. ಸಮಯ ಮುಗಿದರೆ ಗಂಟೆ ಹೊಡೆಯುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ನೋಡುವವನಿಗೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ, ಯಾಕೆಂದರೆ ಮುಂದಿನ ವಿಷಯ ಕಣ್ಣೆದುರೇ ಕಾಯುತ್ತಿರುತ್ತದೆ. ನೀವು ಕೇಳಿದ ಆತುರ, ಒಬ್ಬರ ಮೇಲೊಬ್ಬರು ಬೀಳುವುದು, ಅದರ ಬೇರು ಬಹುಮಟ್ಟಿಗೆ ಈ ಗಡಿಯಾರದಲ್ಲೇ ಇದೆ.

ಆದರೆ ಅದೇ ಕಾರ್ಯಕ್ರಮದಲ್ಲಿ ಇನ್ನೊಂದು ವಿಷಯ ಇತ್ತು. ನನಗೆ ತುಂಬಾ ಇಷ್ಟವಾದದ್ದು ಅದೇ. ಇಬ್ಬರೂ ಮಾತಾಡುವಾಗ ಟೋನಿ ರಿಯಾಲಿ ಅನ್ನುವ ಹುಡುಗ ಪ್ರತಿ ಅಂಕಿಯನ್ನೂ ಕಿವಿಗೊಟ್ಟು ಕೇಳುತ್ತಿದ್ದ. ಕೊನೆಯಲ್ಲಿ ಬಂದು ಇವತ್ತು ಏನೇನು ತಪ್ಪು ಹೇಳಿದಿರಿ ಅಂತ ಇಬ್ಬರ ಮುಖಕ್ಕೇ ಹೇಳುತ್ತಿದ್ದ. ಅವರೂ ಒಪ್ಪಿಕೊಳ್ಳುತ್ತಿದ್ದರು. ದೊಡ್ಡವರ ತಪ್ಪನ್ನು ಚಿಕ್ಕವನು ದಿನಾ ಟಿವಿಯಲ್ಲೇ ತಿದ್ದುವುದು ಸಣ್ಣ ಮಾತಲ್ಲ, ಅಲ್ವಾ?

ಇದನ್ನು ಓದುವಾಗ ನನಗೆ ಮೈಸೂರಿನ ಅಗ್ರಹಾರದ ನಮ್ಮ ಕಟಿಂಗ್ ಶಾಪ್ ನೆನಪಾಗುತ್ತದೆ. ಗೋಡೆ ಮೇಲಿನ ಟಿವಿಯಲ್ಲಿ ಆರು ಚೌಕದಲ್ಲಿ ಆರು ಮುಖ, ಸೌಂಡ್ ಮ್ಯೂಟ್. ಕೆಳಗೆ ಬೆಂಚಿನ ಮೇಲೆ ನಮ್ಮೂರ ಜಾವಗಲ್ ಶ್ರೀನಾಥ್ ಬಗ್ಗೆ ವಾದ. ಒಬ್ಬರು, “ಒನ್‌ಡೇಲಿ 236 ವಿಕೆಟ್ ಕಣ್ರೀ” ಅಂದರು. ಇನ್ನೊಬ್ಬರು, “300ರ ಮೇಲಿದೆ ಸ್ವಾಮಿ” ಅಂದರು. ಕತ್ತರಿ ಹಿಡಿದವರು ಕೈ ನಿಲ್ಲಿಸಿ, “ಯಾರಾದ್ರೂ ಫೋನ್ ತೆಗೆದು ನೋಡ್ರಪ್ಪ” ಅಂದರು. ನೋಡಿದರೆ ಒನ್‌ಡೇಯಲ್ಲಿ 315, ಟೆಸ್ಟ್‌ನಲ್ಲಿ 236. “ಹೌದು, ನಾನು ಟೆಸ್ಟಿಂದು ಹೇಳ್ಬಿಟ್ಟೆ” ಅಂತ ಮೊದಲಿನವರು ಒಪ್ಪಿಕೊಂಡರು. ಮಾತು ಮುಂದಕ್ಕೆ ಹೋಯಿತು. ಒಳ್ಳೆಯ ಚರ್ಚೆ ಅಂದರೆ ನನ್ನ ಲೆಕ್ಕದಲ್ಲಿ ಇಷ್ಟೇ.

2002ರ ನವೆಂಬರ್‌ನಲ್ಲಿ ‘ಅರೌಂಡ್ ದಿ ಹಾರ್ನ್’ ಬಂತು. ಬೇರೆಬೇರೆ ಊರಿನ ನಾಲ್ಕು ಪತ್ರಕರ್ತರು, ವಾದಕ್ಕೆ ಅಂಕ. ಸರಿ ಬಾರದ ಮಾತಿಗೆ ನಡೆಸಿಕೊಡುವವರು ಮ್ಯೂಟ್ ಗುಂಡಿ ಒತ್ತುತ್ತಿದ್ದರು. 2004ರಿಂದ ಆ ಗುಂಡಿ ಅದೇ ಟೋನಿ ರಿಯಾಲಿಯ ಕೈಗೆ ಬಂತು. 2025ರ ಮೇ ತಿಂಗಳಲ್ಲಿ ಕಾರ್ಯಕ್ರಮ ಮುಗಿಯುವವರೆಗೂ ಅವರೇ ನಡೆಸಿದರು.

ಈಗ ಕೂಗಾಟದ ವಿಷಯ. 2003ರಲ್ಲಿ ‘ಕೋಲ್ಡ್ ಪಿಜ್ಜಾ’ ಅಂತ ಒಂದು ಬೆಳಗಿನ ಕಾರ್ಯಕ್ರಮ ಇತ್ತು. 2007ರಲ್ಲಿ ಅದರ ಹೆಸರು ‘ಫಸ್ಟ್ ಟೇಕ್’ ಆಯಿತು. ಅಲ್ಲಿ ಸ್ಕಿಪ್ ಬೇಲೆಸ್ ಇದ್ದರು. 2012ರಲ್ಲಿ ಎದುರು ಕುರ್ಚಿಗೆ ಸ್ಟೀಫನ್ ಎ. ಸ್ಮಿತ್ ಕಾಯಂ ಆಗಿ ಬಂದರು. ಒಬ್ಬರು ಹೌದು ಅಂದರೆ ಇನ್ನೊಬ್ಬರು ಅಲ್ಲ ಅನ್ನಬೇಕು, ಅದೂ ದಿನಾ, ಅದೂ ಜೋರಾಗಿ. 2016ರಲ್ಲಿ ಬೇಲೆಸ್ ಬೇರೆ ಚಾನೆಲ್‌ಗೆ ಹೋಗಿ ‘ಅನ್‌ಡಿಸ್ಪ್ಯೂಟೆಡ್’ ಶುರು ಮಾಡಿದರು. ನನಗೆ ಬೇಸರ ಆಗುವುದು ಇಲ್ಲೇ. ಅಭಿಪ್ರಾಯ ಬೇರೆ ಇದ್ದರೆ ವಾದ ಹುಟ್ಟಬೇಕು. ಇಲ್ಲಿ ಕುರ್ಚಿ ಮೊದಲು, ಅಭಿಪ್ರಾಯ ಆಮೇಲೆ.

ಚಾನೆಲ್‌ಗಳು ಇದನ್ನು ಬಿಡದೇ ಇರುವುದಕ್ಕೆ ಕಾರಣ ದುಡ್ಡು. 2023ರಿಂದ 2027ರವರೆಗೆ ಐಪಿಎಲ್ ತೋರಿಸುವ ಹಕ್ಕು ಹೋಗಿದ್ದು 48,390 ಕೋಟಿ ರೂಪಾಯಿಗೆ. ಚರ್ಚೆಗೆ ಯಾವ ಹಕ್ಕೂ ಬೇಕಿಲ್ಲ. ಮೇಜು, ಕುರ್ಚಿ, ನಾಲ್ಕು ಮೈಕ್ ಸಾಕು. ಮ್ಯಾಚ್ ಇಲ್ಲದ ಮಧ್ಯಾಹ್ನವೂ ತುಂಬುತ್ತದೆ.

ನಮ್ಮಲ್ಲಿ ಸ್ಟುಡಿಯೋ ಮಾತು ಮನೆಮನೆಗೆ ಬಂದಿದ್ದು 2003ರ ವಿಶ್ವಕಪ್‌ನಲ್ಲಿ, ಸೆಟ್ ಮ್ಯಾಕ್ಸ್‌ನ ‘ಎಕ್ಸ್‌ಟ್ರಾ ಇನಿಂಗ್ಸ್’ ಮೂಲಕ. ಚಾರು ಶರ್ಮಾ, ಮಂದಿರಾ ಬೇಡಿ ನೆನಪಿರಬೇಕು ನಿಮಗೆ. ಆಡಿದವರೇ ಮಾತಾಡಬೇಕು ಅನ್ನೋದು ಅಲ್ಲಿ ಮುರಿಯಿತು, ನನ್ನ ಪ್ರಕಾರ ಒಳ್ಳೆಯದೇ ಆಯಿತು. 2018ರಲ್ಲಿ ಐಪಿಎಲ್ ಕನ್ನಡ ಕಾಮೆಂಟರಿಯಲ್ಲೂ ಬಂತು. ವಿಜಯ್ ಭಾರದ್ವಾಜ್ ಅವರಂಥ ಆಡಿ ಬಂದವರು ಫೀಲ್ಡ್ ಯಾಕೆ ಬದಲಾಯಿತು ಅಂತ ನಮ್ಮ ಮಾತಿನಲ್ಲೇ ಬಿಡಿಸಿ ಹೇಳುವಾಗ ಎಷ್ಟು ಚೆನ್ನಾಗಿರುತ್ತದೆ! ‘ಈ ಸಲ ಕಪ್ ನಮ್ದೇ’ ಅಂತ 18 ಸೀಸನ್ ಕಾದು 2025ರಲ್ಲಿ ಗೆದ್ದವರು ನಾವು. ನಮಗೆ ಕೇಳುವ ತಾಳ್ಮೆ ಇದೆ.

ಗಡಿಯಾರ ಇರಲಿ, ಗಂಟೆಯೂ ಹೊಡೆಯಲಿ. ಕನ್ನಡದ ಯಾವುದಾದರೂ ಚಾನೆಲ್‌ನವರು ಕೊನೆಯ ಒಂದು ನಿಮಿಷ ತಪ್ಪು ತಿದ್ದುವುದಕ್ಕೆ ಅಂತ ಎತ್ತಿಟ್ಟರೆ, ನಾನಂತೂ ಆ ನಿಮಿಷಕ್ಕೋಸ್ಕರವೇ ಕೂತು ನೋಡುತ್ತೇನೆ.