ರೂಮ್ ಫಾರ್ ಮೋರ್ ಫಂಡಿಂಗ್ ಅಂದ್ರೆ ಎಂತ? ವಂತಿಗೆ ಕೊಡೋ ಮೊದ್ಲು ಕೇಳೋ ಪ್ರಶ್ನೆ

ಮಳೆಗಾಲಕ್ಕೆ ಮೊದ್ಲು ನಮ್ಮ ಶಿರಸಿ ಕಡೆ ಹಳ್ಳಿಗಳಲ್ಲಿ ಕಾಲುಸಂಕಕ್ಕೆ ವಂತಿಗೆ ಎತ್ತೋದು ಇದ್ದದ್ದೇ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಎರಡು ಕಡೆಯಿಂದ ಕೇಳಿದ್ರು, ಯಾರಿಗೆ ಕೊಡ್ಲಿ ಅಂತ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಎಷ್ಟು ಬಂಜು, ಇನ್ನೆಷ್ಟು ಬೇಕು ಹೇಳಿ ಮೊದ್ಲು ಕೇಳು ತಮಾ" ಅಂದ. ಕೇಳಿದ್ರೆ, ಒಂದು ಸಂಕಕ್ಕೆ ಪಂಚಾಯತಿ ಅನುದಾನ ಮಂಜೂರಾಗಿ ಆಗಿತ್ತು, ನಾ ಕೊಟ್ರೂ ಕೊಡದಿದ್ರೂ ಅದು ಆಗೋದೇ. ಇನ್ನೊಂದರದ್ದು ಕಂಬ ಎದ್ದು ನಿಂತಿತ್ತು, ಮೇಲೆ ಹಾಸೋಕೆ ದುಡ್ಡಿಲ್ಲದೆ ಅಡಿಕೆ ದಬ್ಬೆ ಹಾಕಿ ಅದರ ಮೇಲೇ ಶಾಲೆ ಮಕ್ಕಳು ಹಳ್ಳ ದಾಟ್ತಿದ್ರು.

ರೂಮ್ ಫಾರ್ ಮೋರ್ ಫಂಡಿಂಗ್ ಅಂದ್ರೆ ಇದೇ. ಒಂದು ಸಂಸ್ಥೆಗೆ ಈಗಾಗ್ಲೇ ಬಂದಿರೋ ದುಡ್ಡಿನ ಮೇಲೆ ಇನ್ನೂ ಎಷ್ಟು ಹಿಡೀತದೆ, ಆ ಮುಂದಿನ ರೂಪಾಯಿಯಿಂದ ಎಂತ ಕೆಲಸ ಆಗ್ತದೆ, ಅದು ನಾವು ಕೊಡದಿದ್ರೆ ಆಗ್ತಿರ್ಲಿಲ್ವಾ ಅನ್ನೋ ಲೆಕ್ಕ. ಈ ಮಾತು ಹೆಚ್ಚು ಬಳಕೆಗೆ ಬಂದಿದ್ದು ಗಿವ್‌ವೆಲ್‌ನಿಂದ, 2007ರಲ್ಲಿ ಶುರುವಾದ ಅಮೆರಿಕದ ಸಂಸ್ಥೆ ಅದು, ದಾನದ ಸಂಸ್ಥೆಗಳನ್ನ ಪರೀಕ್ಷೆ ಮಾಡಿ ಎಲ್ಲಿಗೆ ಕೊಡಬಹುದು ಅಂತ ಹೇಳ್ತದೆ. ಸಂಸ್ಥೆ ಒಳ್ಳೇದೋ ಅಲ್ವೋ ಅನ್ನೋದು ಬೇರೆ ಪ್ರಶ್ನೆ, ಬಹಳ ಒಳ್ಳೆ ಸಂಸ್ಥೆಗೂ ಜಾಗ ತುಂಬಿರಬಹುದು. ಬಡತನವೂ ಅಳತೆ ಅಲ್ಲ, ತಿಳಿದ ಜನ ಸಿಗದೆ ಕೆಲಸ ನಿಂತಿದ್ರೆ ದುಡ್ಡು ಸುರಿದು ಪ್ರಯೋಜನ ಇಲ್ಲ.

ಈಗ ಎಐ ಸುರಕ್ಷತೆಯ ಪಾಲಿಸಿ ಕೆಲಸಕ್ಕೆ, ಅಂದ್ರೆ ಎಐನಿಂದ ದೊಡ್ಡ ಅಪಾಯ ಆಗದ ಹಾಗೆ ಸರ್ಕಾರದ ನಿಯಮ ತರಿಸೋ ಕೆಲಸಕ್ಕೆ ಬರ್ತೇನೆ, ನಾನು ಈ ಪದ ಕಲಿತಿದ್ದೇ ಅಲ್ಲಿಗೆ ವರ್ಷಕ್ಕೆ ಇಷ್ಟು ಅಂತ ಕೊಡೋಣ ಅಂತ ಹೊರಟಾಗ. ಪಾಲಿಸಿಗೆ ಯಾಕೆ ಅಂತ ಕಾರವಾರದ ಕಡೆಯವರು ಕೇಳೋದಿಲ್ಲ ಅಂದ್ಕೊಂಡಿದ್ದೇನೆ. 1994ರಲ್ಲಿ ಅಲ್ಲೇ ಹತ್ರದ ಕೈಗಾ ಅಣುಸ್ಥಾವರದಲ್ಲಿ ಇನ್ನೂ ಕಟ್ಟುತ್ತಿದ್ದ ರಿಯಾಕ್ಟರ್ ಗುಮ್ಮಟದ ಒಳಭಾಗ ಕುಸಿದು ಬಿದ್ದಿತ್ತು, ಡಿಸೈನ್ ತಿದ್ದಿ ಮತ್ತೆ ಕಟ್ಟಿ ಅಲ್ಲಿಂದ ಕರೆಂಟ್ ಬರೋ ಹೊತ್ತಿಗೆ 2000ನೇ ಇಸವಿ. ಅಣುಶಕ್ತಿಗೆ ಕೇಳೋರು ಅಂತ ಒಂದು ಮಂಡಳಿ 1983ರಿಂದಲೇ ಇದೆ, ಅದು ಸಾಕೋ ಸಾಲದೋ ಅನ್ನೋ ಜಗಳ ಇರಲಿ, ಇದೆ. ದೊಡ್ಡ ಎಐ ಮಾಡೆಲ್‌ಗಳಿಗೆ ಆ ಥರದ ಕೇಳೋರು ಬಹಳ ದೇಶಗಳಲ್ಲಿ ಇಲ್ಲ, ಇರಬೇಕು ಅಂತ ಕೂತು ಕರಡು ಬರೆಯೋದು, ಶಾಸಕರಿಗೆ ವಿವರಿಸೋದು, ತಿದ್ದುಪಡಿಗೆ ಓಡಾಡೋದು, ಇದೇ ಪಾಲಿಸಿ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 1047 ಅನ್ನೋ, ದೊಡ್ಡ ಎಐ ಮಾಡೆಲ್ ಸುರಕ್ಷತೆಯ ಮಸೂದೆ ಎರಡೂ ಸದನದಲ್ಲಿ ಪಾಸಾಗಿ 2024ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ವೀಟೋಗೆ ಬಿತ್ತು, ಮತ್ತೆ ಒಂದು ವರ್ಷ ದುಡಿದ ಮೇಲೆ ಅದಕ್ಕಿಂತ ಹಗುರದ ಎಸ್‌ಬಿ 53ಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಅದೇ ಗವರ್ನರ್ ಸಹಿ ಹಾಕಿದ್ರು. ಸೋತ ಮೇಲಿನ ಆ ಒಂದು ವರ್ಷ ಸಂಬಳ ಕೊಟ್ಟು ಜನರನ್ನ ಉಳಿಸ್ಕೊಳ್ಳೋದಕ್ಕೂ ದುಡ್ಡು ಬೇಕಲ್ಲ. ಎದುರಿನ ಕಡೆ ನೋಡಿದ್ರೆ, 2025ರಲ್ಲೇ ಕಟ್ಟುನಿಟ್ಟಿನ ಎಐ ನಿಯಮ ಬೇಡ ಅನ್ನೋ ಕಡೆಯ ಹೂಡಿಕೆದಾರರು ಸೇರಿ 10 ಕೋಟಿ ಡಾಲರ್‌ಗಿಂತ ಹೆಚ್ಚಿನ ಚುನಾವಣಾ ನಿಧಿ ಕಟ್ಟಿದ್ದಾರೆ.

ಜಾಗ ಎಲ್ಲಿ ಖಾಲಿ ಇರ್ತದೆ ಅಂತ ಹುಡುಕುವಾಗ ನನಗೆ ಹೆಚ್ಚು ಕಣ್ಣು ತೆರೆಸಿದ್ದು ಅಮೆರಿಕದ ತೆರಿಗೆ ಕಾನೂನು. ಅಲ್ಲಿ 501 ಸಿ 3 ಅಂತ ಒಂದು ವರ್ಗ, ಅದಕ್ಕೆ ಕೊಟ್ಟ ಅಮೆರಿಕದವರಿಗೆ ತೆರಿಗೆ ವಿನಾಯ್ತಿ ಇದೆ, ಆದ್ರೆ ಅದು ಲಾಬಿಯಿಂಗ್ ಅಂದ್ರೆ ಈ ಮಸೂದೆಗೆ ಮತ ಹಾಕಿ ಅಂತ ಶಾಸಕರ ಹತ್ರ ಹೋಗೋದನ್ನ ಒಂದು ಮಿತಿಯೊಳಗೆ ಮಾತ್ರ ಮಾಡಬಹುದು. 501 ಸಿ 4ಕ್ಕೆ ಲಾಬಿಯಿಂಗ್‌ಗೆ ಆ ಮಿತಿ ಇಲ್ಲ, ಆದ್ರೆ ಕೊಟ್ಟವರಿಗೆ ವಿನಾಯ್ತಿಯೂ ಇಲ್ಲ. ಖಾಸಗಿ ಫೌಂಡೇಶನ್‌ಗಳು ಲಾಬಿಯಿಂಗ್‌ಗೇ ಅಂತ ಕೊಟ್ರೆ ದಂಡದ ತೆರಿಗೆ ಬೀಳ್ತದೆ. ಹಾಗಾಗಿ ದೊಡ್ಡ ದುಡ್ಡು ಸಂಶೋಧನೆ ಕಡೆ ಸುಲಭವಾಗಿ ಹರೀತದೆ, ಸಿ 4 ಕಡೆ ಬರೋದು ಕಷ್ಟ, ಅಲ್ಲಿ ಬಿಡಿ ಜನರ ಸಣ್ಣ ದುಡ್ಡಿಗೆ ಬೆಲೆ ಜಾಸ್ತಿ. ನಾವು ಭಾರತದಿಂದ ಅಮೆರಿಕದ ಸಂಸ್ಥೆಗೆ ನೇರ ಕಳಿಸಿದ್ರೆ ಎರಡಕ್ಕೂ ಇಲ್ಲಿನ 80ಜಿ ತೆರಿಗೆ ವಿನಾಯ್ತಿ ಸಿಗೋದಿಲ್ಲ, ಅಂದ್ರೆ ಅಮೆರಿಕದವರು ಸಿ 4ಕ್ಕೆ ಕೊಡೋಕೆ ಹಿಂದೆಮುಂದೆ ನೋಡೋ ಕಾರಣವೇ ನಮಗೆ ಇಲ್ಲ! ಇದು ತಿಳಿದ ದಿನ ನನಗೆ ನಿಜಕ್ಕೂ ಖುಷಿ ಆಯ್ತು. ಒಂದು ಎಚ್ಚರ ಮಾತ್ರ, ಅಲ್ಲಿನ ಚುನಾವಣೆಗೆ ವಿದೇಶಿಯರು ದುಡ್ಡು ಕೊಡೋದು ಅಲ್ಲಿನ ಕಾನೂನಲ್ಲೇ ನಿಷೇಧ, ಕೆಲವು ಸಿ 4ಗಳು ಚುನಾವಣೆಗೂ ಕೈ ಹಾಕ್ತವೆ, ನಮ್ಮ ದುಡ್ಡು ಆ ಕಡೆ ಹೋಗೋದಿಲ್ಲ ಅಂತ ಬರಹದಲ್ಲಿ ಕೇಳಿ ತಗೊಳ್ಳಬೇಕು.

ನಮ್ಮ ದೇಶದೊಳಗೆ ಲೆಕ್ಕ ಇನ್ನೊಂದು ಥರ. ಹೊರಗಿನ ದುಡ್ಡು ತಗೊಳ್ಳೋಕೆ ಎಫ್‌ಸಿಆರ್‌ಎ ಅನ್ನೋ ವಿದೇಶಿ ವಂತಿಗೆ ಕಾನೂನಿನ ನೋಂದಣಿ ಇಲ್ಲಾ ಮೊದಲೇ ತಗೊಂಡ ಅನುಮತಿ ಬೇಕು, 2020ರ ತಿದ್ದುಪಡಿ ಆದ ಮೇಲೆ ಒಬ್ಬರು ತಗೊಂಡ ವಿದೇಶಿ ದುಡ್ಡನ್ನ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗೂ ಇಲ್ಲ. ಹಾಗಾಗಿ ಹೊರಗಿನ ದೊಡ್ಡ ದಾನಿಗಳ ದುಡ್ಡು ಇಲ್ಲಿನ ಸಣ್ಣ ಗುಂಪಿಗೆ ಮುಟ್ಟೋದೇ ಕಷ್ಟ, ಇಲ್ಲಿ ದುಡಿದವರ ರೂಪಾಯಿ ಮುಟ್ತದೆ. ದೆಹಲಿಯಲ್ಲಿ ಎಐ ಶೃಂಗಸಭೆ ಆಗಿಹೋಯ್ತು, ನಿಯಮ ಬರೆಯೋ ಮೇಜಿನ ಹತ್ರ ಕಂಪನಿಯವರಲ್ಲದ, ವಿಷಯ ತಿಳಿದ ನಮ್ಮವರು ನಾಕು ಜನ ಕೂರಬೇಕು ಅಂದ್ರೆ ಅವರ ಸಂಬಳ ಯಾರಾದ್ರೂ ಕೊಡಬೇಕು.

ನಾನು ಈಗ ಕೊಡೋ ಮೊದ್ಲು ಸಣ್ಣ ಮೇಲ್ ಹಾಕ್ತೇನೆ: ಈ ವರ್ಷದ ಬಜೆಟ್ ಎಷ್ಟು, ಕೈಯಲ್ಲಿ ಎಷ್ಟು ತಿಂಗಳಿಗಾಗೋಷ್ಟಿದೆ, ಎಐ ಕಂಪನಿಗಳಿಂದ ತಗೊಳ್ತೀರಾ, ಹೆಚ್ಚು ಬಂದ್ರೆ ಮೊದಲು ಎಂತ ಮಾಡ್ತೀರಿ. ಕೊನೆಯದಕ್ಕೆ "ಇನ್ನೊಬ್ಬ ವಕೀಲರನ್ನ ದಿನಕ್ಕೆ ಅರ್ಧ ಹೊತ್ತಿನ ಕೆಲಸಕ್ಕೆ ತಗೊಳ್ತೇವೆ" ಅನ್ನೋ ಥರ ಉತ್ತರ ಬಂದ್ರೆ ನನಗೆ ನಂಬಿಕೆ ಬರ್ತದೆ, ಬರೀ "ನಮ್ಮ ಧ್ಯೇಯಕ್ಕೆ ಬಳಸ್ತೇವೆ" ಅಂದ್ರೆ ಮತ್ತೊಮ್ಮೆ ಕೇಳ್ತೇನೆ. ಒಂದು ಕಡೆಯಿಂದ "ಈ ವರ್ಷಕ್ಕೆ ನಮಗೆ ಸಾಕಾಗಿದೆ, ಬೇರೆಯವರಿಗೆ ಕೊಡಿ" ಅಂತ ಬಂತು. ಅವರು ಹೇಳಿದ ಹಾಗೇ ಬೇರೆ ಕಡೆ ಕೊಟ್ಟೆ, ಅವರ ಹೆಸರನ್ನ ಮುಂದಿನ ವರ್ಷಕ್ಕೆ ಬರೆದಿಟ್ಕೊಂಡಿದ್ದೇನೆ.